ಎರಡು ನಿಮಿಷದ ಮೌನಕ್ಕೆ ಇಪ್ಪತ್ತು ದಿನದ ತಯಾರಿ: ಕಾಲೇಜಿನಲ್ಲಿ ಹುತಾತ್ಮ ಯೋಧರ ಸ್ಮರಣೆ ನಡೆಸುವ ಬಗೆ

ಜುಲೈ 26ರ ಬೆಳಿಗ್ಗೆ ಚಿತ್ರದುರ್ಗದ ಕಾಲೇಜು ಮೈದಾನದಲ್ಲಿ ಮೊದಲು ಕೈಕೊಡುವುದು ದೀಪ. ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿಯೇ ಅದನ್ನೂ ಆರಿಸುತ್ತದೆ. ಆಮೇಲೆ ಕೈಕೊಡುವುದು ಮೈಕು. ಮೂರನೆಯದನ್ನು ಯಾರೂ ಲೆಕ್ಕಕ್ಕೇ ಹಿಡಿದಿರುವುದಿಲ್ಲ, ಅದು ಕಾಲೇಜಿನ ಗಂಟೆ. ಟೈಮರ್‌ಗೆ ಕಟ್ಟಿಟ್ಟ ಎಲೆಕ್ಟ್ರಿಕ್ ಬೆಲ್ಲು ಸರಿಯಾಗಿ ಮೌನದ ನಡುವೆ ಗಿರ್ರ್ ಎನ್ನುತ್ತದೆ.

ಎನ್‌ಸಿಸಿ ಘಟಕ ಇರುವ ಕಾಲೇಜುಗಳ ಅಧಿಕಾರಿಗಳು, ದೈಹಿಕ ಶಿಕ್ಷಣ ಬೋಧಕರು, ಸೀನಿಯರ್ ಕೆಡೆಟ್‌ಗಳಿಗಾಗಿ ಈ ಮಾರ್ಗದರ್ಶಿ. ಕ್ರಮದ ಮಾದರಿ ಸೇನಾ ಸಂಸ್ಥೆಗಳದು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ‘ಹಟ್ ಆಫ್ ರಿಮೆಂಬ್ರೆನ್ಸ್’ ಎಂಬ ಸ್ಮರಣ ಮಂದಿರವಿದೆ. ಅಲ್ಲಿ ಕಲಿತು ಹೋಗಿ ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಹೆಸರುಗಳು ಅದರಲ್ಲಿವೆ. ಅಂಥ ಕಟ್ಟಡ ನಮ್ಮ ಕಾಲೇಜುಗಳಲ್ಲಿ ಇಲ್ಲ. ಇರುವುದು ಒಂದು ಮೈದಾನ, ಹನ್ನೆರಡು ಡ್ರಿಲ್ ರೈಫಲ್, ಬಾಡಿಗೆ ಮೈಕ್‌ಸೆಟ್. ಇಷ್ಟರಲ್ಲೇ ಎರಡು ನಿಮಿಷದ ಗಟ್ಟಿ ಮೌನವನ್ನು ಕಟ್ಟಬೇಕು. ಉಳಿದ ಎಲ್ಲ ಕೆಲಸ ಆ ಮೌನಕ್ಕೆ ಕಾವಲು.

ದಿನ, ಹೊತ್ತು

ಕಾರ್ಗಿಲ್ ವಿಜಯ ದಿವಸ ಜುಲೈ 26. 1999ರ ಆ ಯುದ್ಧದಲ್ಲಿ ಭಾರತದ 527 ಯೋಧರು ಮಡಿದರು. 1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧದ ನೆನಪಿಗೆ ಡಿಸೆಂಬರ್ 16 ವಿಜಯ ದಿವಸ. ಜನವರಿ 30ರ ಹುತಾತ್ಮರ ದಿನದಂದು ಬೆಳಿಗ್ಗೆ 11ಕ್ಕೆ ದೇಶದಾದ್ಯಂತ ಎರಡು ನಿಮಿಷ ಮೌನ ಇದ್ದೇ ಇದೆ. ಅಂದು ಹೊತ್ತು ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೊದಲ ಸಲ ಮಾಡುವವರು ಡಿಸೆಂಬರ್ 16 ಹಿಡಿಯುವುದು ಜಾಣತನ: ಗಾಳಿ ಕಡಿಮೆ, ಮಳೆಯ ಭಯವಿಲ್ಲ. ಜುಲೈ ಬೇಕೇ ಬೇಕೆಂದರೆ ಕೆಳಗಿನ ಗಾಳಿಯ ಲೆಕ್ಕಗಳನ್ನೆಲ್ಲ ಗಂಭೀರವಾಗಿ ತೆಗೆದುಕೊಳ್ಳಿ.

ಹೊತ್ತು ಬೆಳಿಗ್ಗೆ 8:30. ತರಗತಿ ಶುರುವಾಗಿರುವುದಿಲ್ಲ, ಪಕ್ಕದ ಪ್ರೌಢಶಾಲೆಯ ಪ್ರಾರ್ಥನೆಯ ಮೈಕು ಇನ್ನೂ ಹತ್ತಿರುವುದಿಲ್ಲ. ಒಂದು ವಾರ ಮೊದಲು ಅದೇ ಹೊತ್ತಿಗೆ ಮೈದಾನದ ನಡುವೆ ಹತ್ತು ನಿಮಿಷ ಸುಮ್ಮನೆ ನಿಂತು ಕಿವಿಗೊಡಿ. ಯಾವ ಸದ್ದು ಯಾವ ನಿಮಿಷಕ್ಕೆ ಬರುತ್ತದೆಂದು ಬರೆದುಕೊಳ್ಳಿ: ಕಸದ ಗಾಡಿಯ ಹಾಡು, ಹಾಸ್ಟೆಲ್‌ನ ಬೋರ್‌ವೆಲ್ ಮೋಟರು, ಕಾಲೇಜು ಬಸ್ಸಿನ ರಿವರ್ಸ್ ಹಾರ್ನು. ಅರ್ಧದಷ್ಟನ್ನು ಒಂದು ಮಾತಿನಲ್ಲಿ ನಿಲ್ಲಿಸಬಹುದು. ಗಂಟೆಯ ಫ್ಯೂಸನ್ನು ಅಂದು ಬೆಳಿಗ್ಗೆ ಕಿತ್ತು ಅಟೆಂಡರ್ ಜೇಬಿನಲ್ಲಿಡಿ. ‘ಆಫ್ ಮಾಡಿದ್ದೀನಿ ಸಾರ್’ ಎಂಬ ಮಾತನ್ನು ನೆಚ್ಚಬೇಡಿ.

ಡಿಪಿ ರೈಫಲ್‌ಗಾಗಿ ಎನ್‌ಸಿಸಿ ಬೆಟಾಲಿಯನ್ ಕಚೇರಿಗೆ ಪತ್ರ ಇಪ್ಪತ್ತು ದಿನ ಮೊದಲೇ ಹೋಗಲಿ. ಡಿಪಿ ರೈಫಲ್ ಎಂದರೆ ಗುಂಡು ಹಾರದಂತೆ ಮಾಡಿದ, ಡ್ರಿಲ್‌ಗೆಂದೇ ಇಟ್ಟ ರೈಫಲ್. ಆದರೂ ಕೋತ್‌ನಿಂದ, ಅಂದರೆ ಶಸ್ತ್ರಾಗಾರದಿಂದ, ಹೊರಬರಲು ಸಹಿ, ಎಣಿಕೆ, ಕಾವಲು ಬೇಕು. ಬಿಗುಲ್ ಊದುವವರು ಬೇಕಿದ್ದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಬ್ಯಾಂಡ್ ಕೇಳಿ ಎಸ್‌ಪಿ ಕಚೇರಿಗೂ ಅದೇ ದಿನ ಪತ್ರ ಕೊಡಿ. ಗುಂಡಿನ ಗೌರವದ ಯೋಚನೆ ಬೇಡ, ಅದಕ್ಕೆ ಬದಲು ಪಟಾಕಿಯಂತೂ ಬೇಡವೇ ಬೇಡ.

ಹೆಸರುಗಳು

ಇಡೀ ಕಾರ್ಯಕ್ರಮದಲ್ಲಿ ತಿದ್ದಲಾಗದ ತಪ್ಪು ಆಗುವುದು ಇಲ್ಲಿ. ದೀಪ ಆರಿದರೆ ಮತ್ತೆ ಹಚ್ಚಬಹುದು. ತಾಯಿಯ ಎದುರು ಮಗನ ಹೆಸರು ತಪ್ಪಾಗಿ ಓದಿದರೆ ಮುಗಿಯಿತು.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಿಂದ ಜಿಲ್ಲೆಯ ಪಟ್ಟಿ ತನ್ನಿ, ಮಾಜಿ ಸೈನಿಕರ ಸಂಘದವರ ಹತ್ತಿರ ಅದನ್ನು ಒಮ್ಮೆ ಓದಿಸಿ, ಕೊನೆಗೆ ಮನೆಯವರಿಂದಲೇ ಖಾತ್ರಿ ಮಾಡಿಕೊಳ್ಳಿ. ಪ್ರತಿ ಹೆಸರಿಗೆ ಐದು ವಿವರ ಸಾಕು: ಹುದ್ದೆ, ಪೂರ್ಣ ಹೆಸರು, ಘಟಕ, ಊರು, ಮಡಿದ ದಿನಾಂಕ. ಫೇಸ್‌ಬುಕ್ ಪೋಸ್ಟರಿನಿಂದ ಯಾವ ಹೆಸರನ್ನೂ ಎತ್ತಬೇಡಿ.

ದುರ್ಗದ ಸೀಮೆಗೇ ವಿಶೇಷವಾದ ಒಂದು ತೊಡಕಿದೆ. ಸೇನೆಯಲ್ಲಿ ‘ನಾಯಕ್’ ಎಂಬುದು ಹುದ್ದೆ: ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂದು ಏರುವ ಮೆಟ್ಟಿಲಲ್ಲಿ ಮೂರನೆಯದು. ಮದಕರಿ ನಾಯಕನ ಊರಿನಲ್ಲಿ ‘ನಾಯಕ’ ಎಂದರೆ ಹೆಸರಿನ ಕೊನೆಗೆ ಬರುವ ಪದ. ಹೀಗಾಗಿ ಟೈಪ್ ಮಾಡುವವರು ಹುದ್ದೆಯನ್ನು ಹೆಸರಿನ ಬಾಲಕ್ಕೆ ಅಂಟಿಸುತ್ತಾರೆ, ಇಲ್ಲವೇ ನಿಜವಾದ ನಾಯಕರನ್ನು ಹುದ್ದೆಯೆಂದು ತಿಳಿದು ಮುಂದಕ್ಕೆ ತರುತ್ತಾರೆ. ಪಟ್ಟಿಯಲ್ಲಿ ಹುದ್ದೆಗೆ ಬೇರೆ ಕಾಲಂ ಇರಲಿ, ‘ನಾಯಕ್’ ಕೊನೆಯ ಅರ್ಧಾಕ್ಷರ ಬಿಡಬೇಡಿ. ಘಟಕದ ಹೆಸರನ್ನೂ ಪೂರ್ತಿ ಬರೆಯಿರಿ. ಎಂಇಜಿ ಎಂದು ಕಾಗದದಲ್ಲಿದ್ದರೆ ಓದುವಾಗ ‘ಮದ್ರಾಸ್ ಎಂಜಿನಿಯರ್ ಗ್ರೂಪ್’. ಶೌರ್ಯ ಪದಕ ಬಂದಿದ್ದರೆ ಪದಕದ ಹೆಸರಿನ ಜೊತೆ ‘ಮರಣೋತ್ತರ’ ಎಂಬ ಮಾತು ಸೇರಲಿ.

ದಾಖಲೆಗಳಲ್ಲಿ ‘ಬ್ಯಾಟಲ್ ಕ್ಯಾಶುವಲ್ಟಿ’, ‘ಫಿಸಿಕಲ್ ಕ್ಯಾಶುವಲ್ಟಿ’ ಎಂಬ ಎರಡು ವರ್ಗ ಕಾಣುತ್ತವೆ. ಮೊದಲನೆಯದು ಕಾಳಗ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಯಾಚರಣೆಗಳಲ್ಲಿ ಆದದ್ದು, ಎರಡನೆಯದು ಸೇವೆಯಲ್ಲಿದ್ದಾಗ ಅಪಘಾತ, ಕಾಯಿಲೆ ಮುಂತಾದವುಗಳಿಂದ ಆದದ್ದು. ಯುದ್ಧಸ್ಮರಣೆಯಲ್ಲಿ ಮೊದಲ ಪಟ್ಟಿ ಓದಿ, ‘ಕರ್ತವ್ಯದಲ್ಲಿದ್ದಾಗ ನಮ್ಮನ್ನಗಲಿದವರು’ ಎಂದು ಎರಡನೆಯದನ್ನೂ ಓದಿ. ಬೆರೆಸಿದರೆ ತಿಳಿದವರು ಮುಜುಗರಪಡುತ್ತಾರೆ, ಬಿಟ್ಟರೆ ಮನೆಯವರು ನೊಂದುಕೊಳ್ಳುತ್ತಾರೆ.

ಓದುವ ಕೆಡೆಟ್ ಒಬ್ಬರೇ ಇರಲಿ. ಪ್ರತಿ ಹೆಸರಿಗೆ ಆರು ಸೆಕೆಂಡು, ನಂತರ ಎರಡು ಸೆಕೆಂಡು ಬಿಡುವು. ಹನ್ನೆರಡು ಹೆಸರಿಗೆ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು. ಭಾವ ತುಂಬಿ ಓದುವುದು ಬೇಡ, ರೋಲ್‌ಕಾಲ್ ಓದಿದಂತೆ ಸ್ಪಷ್ಟವಾಗಿ ಓದಿದರೆ ಸಾಕು.

ಮನೆಯವರನ್ನು ಕರೆಯುವುದು

ವಾಟ್ಸ್‌ಆ್ಯಪ್‌ನಲ್ಲಿ ಆಹ್ವಾನ ಪತ್ರಿಕೆ ಕಳಿಸಿ ಕೈತೊಳೆದುಕೊಳ್ಳಬೇಡಿ. ಇಬ್ಬರು ಮನೆಗೆ ಹೋಗಿ ಬನ್ನಿ. ಮಡದಿ, ತಾಯಿ ಬೇರೆ ಬೇರೆ ಊರಲ್ಲಿದ್ದರೆ ಎರಡೂ ಕಡೆ ಹೋಗಬೇಕು. ‘ಪುಷ್ಪಚಕ್ರ ಯಾರು ಇಡುತ್ತೀರಿ’ ಎಂದು ಅಲ್ಲೇ ಕೇಳಿಕೊಳ್ಳಿ, ಮೈದಾನದಲ್ಲಿ ಈ ಪ್ರಶ್ನೆ ಏಳಬಾರದು. ಮೊಳಕಾಲ್ಮೂರು, ಹೊಸದುರ್ಗದ ಹಳ್ಳಿಗಳಿಂದ 8:30ಕ್ಕೆ ದುರ್ಗ ಮುಟ್ಟಬೇಕೆಂದರೆ ಕತ್ತಲಲ್ಲೇ ಹೊರಡಬೇಕು. ವಾಹನ ಕಳಿಸಿ, ಇಲ್ಲವೇ ಹಿಂದಿನ ರಾತ್ರಿಯೇ ಉಳಿಯುವ ವ್ಯವಸ್ಥೆ ಮಾಡಿ.

ಶಾಲು, ಪೇಟ, ಹಣ್ಣಿನ ಬುಟ್ಟಿಯ ಸನ್ಮಾನ ನಮ್ಮ ಕಡೆ ಬಿಡದ ಚಟ. ಸ್ಮಾರಕದ ಮುಂದೆ ಅದು ಬೇಡ. ಮಾಡಲೇಬೇಕಿದ್ದರೆ ತಿಂಡಿಯ ನಂತರ ಸಭಾಂಗಣದಲ್ಲಿ ಮಾಡಿ. ‘ನಿಮ್ಮ ಮಗನ ಬಗ್ಗೆ ಎರಡು ಮಾತಾಡಿ’ ಎಂದು ಮೈಕು ಚಾಚುವುದು ಕ್ರೌರ್ಯ. ಅವರಾಗಿಯೇ ಮೊದಲೇ ಕೇಳಿದ್ದರೆ ಮಾತ್ರ ಕೊಡಿ.

ಪೀಠ, ಕೋವಿ, ದೀಪ

ಮೂರು ಹಂತದ ಮರದ ಪೀಠ: ಕೆಳಗೆ 4 ಅಡಿ ಚೌಕ, ಒಂದು ಅಡಿ ಎತ್ತರ, ನಡುವೆ 3 ಅಡಿ ಚೌಕ, 9 ಅಂಗುಲ, ಮೇಲೆ 2 ಅಡಿ ಚೌಕ, 9 ಅಂಗುಲ. ಒಟ್ಟು ಎರಡೂವರೆ ಅಡಿ. 12 ಮಿಮೀ ಪ್ಲೈವುಡ್‌ಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಶಾಮಿಯಾನದವರು ತರುವ ಮಿರಮಿರ ಸ್ಯಾಟಿನ್ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತದೆ, ಆ ಸದ್ದು ಮೌನದಲ್ಲಿ ದೊಡ್ಡದಾಗಿ ಕೇಳುತ್ತದೆ. ಪೀಠದ ಒಳಗೆ 20 ಕೆಜಿಯ ಎರಡು ಮರಳಿನ ಚೀಲ ಇಡಿ. ನೆಲ ತೊಯ್ದಿದ್ದರೆ ಅಡಿಗೆ ಹಲಗೆ ಹಾಸಿ. ಇಲ್ಲದಿದ್ದರೆ ಒಂದು ಮೂಲೆ ಕುಸಿದು ಕೋವಿ ಓರೆಯಾಗುತ್ತದೆ.

ಮೇಲಿನ ಹಂತದಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದ ರೈಫಲ್, ಅದರ ಬಟ್ಟಿನ (ಭುಜಕ್ಕೆ ಒತ್ತುವ ಹಿಂತುದಿಯ) ಮೇಲೆ ಹೆಲ್ಮೆಟ್. ರಂಧ್ರ ಕೊರೆದು ಮೂತಿ ತೂರಿಸಿದರೆ ನಿಂತೀತು ಎಂಬುದು ಭ್ರಮೆ. ಹಳೆಯ .303 ಮಾದರಿಯ ಮೂತಿ ಅಗಲ, ಭಾರವೆಲ್ಲ ಮೇಲೆ, ಅದರ ಮೇಲೆ ಹೆಲ್ಮೆಟ್ ಬೇರೆ. ಹಿಂಬದಿಗೆ ಕಪ್ಪು ಬಣ್ಣದ ಕಬ್ಬಿಣದ ಪಟ್ಟಿ ನಿಲ್ಲಿಸಿ, ಪೀಠಕ್ಕೆ ಬೋಲ್ಟ್ ಹಾಕಿ, ರೈಫಲನ್ನು ಎರಡು ಕಡೆ ರಬ್ಬರ್ ಪಟ್ಟಿಯಿಂದ ಬಿಗಿಯಿರಿ. ಪಟ್ಟಿ ಮುಂದಿನಿಂದ ಕಾಣಬಾರದು. ಕೋವಿ ಕೊಡದಿದ್ದರೆ ಮರದ ಪ್ರತಿಕೃತಿ ಸಾಕು. ಥರ್ಮಾಕೋಲ್‌ನದು ಬೇಡ, ಗಾಳಿಗೆ ಅದು ಹಾರಿ ಹೋಗಿ ಯಾರದೋ ಮಡಿಲಲ್ಲಿ ಬೀಳುತ್ತದೆ.

ಪೀಠದ ಮುಖ ಪೂರ್ವಕ್ಕಿರಲಿ. ಬೆಳಗಿನ ಬಿಸಿಲು ಸ್ಮಾರಕದ ಮೇಲೆ ಬೀಳುತ್ತದೆ, ಕುಳಿತವರ ಬೆನ್ನಿಗೆ ಬೀಳುತ್ತದೆ. ಆದರೆ ಜುಲೈನಲ್ಲಿ ಗಾಳಿ ಪಶ್ಚಿಮದಿಂದ, ಅಂದರೆ ಸ್ಮಾರಕದ ಬೆನ್ನಿನಿಂದ ಬರುತ್ತದೆ. ಒರಗಿಸಿಟ್ಟ ಪುಷ್ಪಚಕ್ರಗಳು ಮುಂದಕ್ಕೆ ಮಗುಚುತ್ತವೆ. ಪ್ರತಿ ಚಕ್ರ ನಿಲ್ಲುವ ಜಾಗದಲ್ಲಿ ಪೀಠಕ್ಕೆ ಒಂದು ಕೊಕ್ಕೆ ಹೊಡೆದಿಡಿ.

ದೀಪಕ್ಕೆ ನಾಲ್ಕೂ ಕಡೆ ಗಾಜಿನ, ಮೇಲೆ ತೆರೆದ ಪೆಟ್ಟಿಗೆ: 10 ಅಂಗುಲ ಚೌಕ, 14 ಅಂಗುಲ ಎತ್ತರ. ಪೂರ್ತಿ ಮುಚ್ಚಿದರೆ ಉಸಿರಿಲ್ಲದೆ ಆರುತ್ತದೆ. ಹಾಗಾಗಿ ತಳದಲ್ಲಿ, ಗಾಳಿ ಬೀಸದ ಪೂರ್ವ ಬದಿಗೆ, ಅರ್ಧ ಅಂಗುಲದ ನಾಲ್ಕು ತೂತು ಬೇಕು. ಮೇಣದಬತ್ತಿ ಬೇಡ. ಹಿತ್ತಾಳೆ ಹಣತೆಯಲ್ಲಿ ಕಿರುಬೆರಳು ದಪ್ಪದ ಬತ್ತಿ, ಕಡಲೆಕಾಯಿ ಎಣ್ಣೆ. ಚಳ್ಳಕೆರೆಯ ಗಾಣಗಳ ಜಿಲ್ಲೆಯಲ್ಲಿ ಎಣ್ಣೆಗೇನು ಬರ! ಬತ್ತಿಯನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿ, ಕಾರ್ಯಕ್ರಮಕ್ಕೆ 20 ನಿಮಿಷ ಮೊದಲು ತುದಿಗೆ ಕರ್ಪೂರ ಇಟ್ಟು ಹಚ್ಚಿ. ಅತಿಥಿಯಿಂದಲೇ ಹಚ್ಚಿಸುವ ಹಟ ಬಿಡಿ. ಗಾಳಿಯಲ್ಲಿ ಐದು ಕಡ್ಡಿ ಗೀರಿದರೆ ಜನ ನಗಲು ಶುರುಮಾಡುತ್ತಾರೆ.

ಪುಷ್ಪಚಕ್ರ

ಎರಡು ಅಡಿ ವ್ಯಾಸದ ಉಂಗುರ, ಹೂವಿನ ಪಟ್ಟಿಯ ಅಗಲ 5 ಅಂಗುಲ. 8 ಗೇಜ್ ತಂತಿಯನ್ನು ಎರಡು ಸುತ್ತು ಬಳಸಿ ಉಂಗುರ ಮಾಡಿ, ಅದಕ್ಕೆ ಭತ್ತದ ಹುಲ್ಲು ಸುತ್ತಿ ಗೋಣಿದಾರದಲ್ಲಿ ಬಿಗಿಯಿರಿ. ಅದರ ಮೇಲೆ ಮಾವಿನೆಲೆ ಇಲ್ಲವೇ ಅಶೋಕದ ಎಲೆ, ಅದರ ಮೇಲೆ ಕಟ್ಟಿದ ಸೇವಂತಿಗೆ. ಮುಖಭಾಗಕ್ಕೆ ನಾಲ್ಕು ಸುತ್ತು ಬೇಕು, ಒಂದು ಸುತ್ತಿಗೆ ಸರಾಸರಿ ಐದು ಅಡಿ, ಅಂಚಿಗೆ ಇನ್ನೊಂದಿಷ್ಟು. ಲೆಕ್ಕಕ್ಕೆ ಐದು ಮಾರು ಸಾಕು, ಆರು ತಂದಿಡಿ. ಮಾರು ಅಳೆಯುವವರ ತೋಳಿನ ಉದ್ದ ಒಂದೇ ಸಮ ಇರುವುದಿಲ್ಲ ಎಂಬುದು ಹೂವಿನ ಅಂಗಡಿಗೆ ಹೋದವರಿಗೆಲ್ಲ ಗೊತ್ತು.

ಜುಲೈ 26 ಕೆಲವು ವರ್ಷ ಆಷಾಢದಲ್ಲಿ ಬೀಳುತ್ತದೆ, ಕೆಲವು ವರ್ಷ ಶ್ರಾವಣ ಹುಟ್ಟಿರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಹೂವು ಅಗ್ಗ. ಶ್ರಾವಣ ಬಂತೆಂದರೆ ಬೆಲೆ ಏರುತ್ತದೆ. ಪಂಚಾಂಗ ನೋಡಿ ಬಜೆಟ್ ಹಾಕಿ, ಮುಂಗಡ ಕೊಡಿ. ಚಕ್ರವನ್ನು ಅಂದೇ ನಸುಕಿಗೆ ಕಟ್ಟಬೇಕು. ನೀರು ಚಿಮುಕಿಸಿದ ಮೇಲೆ ಒಮ್ಮೆ ಚೆನ್ನಾಗಿ ಒದರಿ, ಇಲ್ಲದಿದ್ದರೆ ಹಳದಿ ನೀರು ಕೆಡೆಟ್‌ಗಳ ಬಿಳಿ ಕೈಗವಸಿಗೆ ಇಳಿಯುತ್ತದೆ.

ರಿಬ್ಬನ್ 3 ಅಂಗುಲ ಅಗಲದ ಬಿಳಿ ಅಥವಾ ಕೆಂಪು. ಇಡುವವರ ಹೆಸರು, ಹುದ್ದೆ, ಅಷ್ಟೆ. ತ್ರಿವರ್ಣದ ಪಟ್ಟಿಯ ಮೇಲೆ ಅಕ್ಷರ ಬರೆಸಬೇಡಿ. ಧ್ವಜದ ಮೇಲೆ ಬರಹ ಕೂಡದು ಎಂಬ ನಿಯಮದ ನೆರಳಿಗೂ ಹೋಗದಿರುವುದು ಒಳ್ಳೆಯದು.

ಚಕ್ರಗಳ ಸಂಖ್ಯೆ ಐದಕ್ಕೆ ನಿಲ್ಲಲಿ: ಕುಟುಂಬ, ಮುಖ್ಯ ಅತಿಥಿ, ಪ್ರಾಂಶುಪಾಲರು, ಮಾಜಿ ಸೈನಿಕರು, ಕೆಡೆಟ್‌ಗಳ ಪರವಾಗಿ ಸೀನಿಯರ್ ಅಂಡರ್ ಆಫೀಸರ್. ಕಾಲೇಜಿನ ಸಮಾರಂಭದಲ್ಲಿ ಕುಟುಂಬ ಮೊದಲು ಎಂಬುದು ನಮ್ಮ ಅಭಿಪ್ರಾಯ. ಅತಿಥಿಗಳಿಗೆ ಇದನ್ನು ಮೊದಲೇ ತಿಳಿಸಿದರೆ ಯಾರೂ ಬೇಸರಿಸುವುದಿಲ್ಲ. ಹದಿನೈದು ಸಂಘಗಳು ತಮ್ಮ ತಮ್ಮ ಚಕ್ರ ತಂದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಅವರಿಗೆ ಕೊನೆಯಲ್ಲಿ ಪಕಳೆ ಅರ್ಪಿಸುವ ಸಾಲು ಇಡಿ.

ಗಾರ್ಡ್ ಮತ್ತು ಡ್ರಿಲ್

ಪೀಠದ ನಾಲ್ಕು ಮೂಲೆಗೆ ನಾಲ್ವರು, ಎಡಬದಿಗೆ ಎಂಟು ಮಂದಿಯ ಗಾರ್ಡ್, ಒಬ್ಬ ಕಮಾಂಡರ್. ಚಕ್ರ ಹೊರಲು ನಾಲ್ವರು, ಇಬ್ಬಿಬ್ಬರಂತೆ ಸರದಿಯಲ್ಲಿ. ಇಬ್ಬರು ಕಾಯ್ದಿರಿಸಿದವರು, ಇವರನ್ನು ಮರೆಯಬೇಡಿ. ಕಮಾಂಡರ್ ಗಾಳಿ ಬರುವ ಕಡೆ ನಿಲ್ಲಬೇಕು. ಆಗ ಕಮಾಂಡ್ ಗಾಳಿಯ ಜೊತೆ ಗಾರ್ಡ್‌ಗೆ ಮುಟ್ಟುತ್ತದೆ, ಇಲ್ಲದಿದ್ದರೆ ಕೊನೆಯ ಇಬ್ಬರಿಗೆ ಕೇಳದೆ ಕೋವಿಗಳು ಒಂದೊಂದಾಗಿ ಏಳುತ್ತವೆ.

ಕಮಾಂಡ್‌ಗಳ ಸರಣಿ: ಸಾವಧಾನ್, ಸಲಾಮಿ ಶಸ್ತ್ರ (ಕೋವಿಯಿಂದ ವಂದನೆ), ಶೋಕ ಶಸ್ತ್ರ; ಮೌನ ಮುಗಿದ ಮೇಲೆ ಮತ್ತೆ ಸಲಾಮಿ ಶಸ್ತ್ರ, ಬಾಜು ಶಸ್ತ್ರ (ಕೋವಿ ಮತ್ತೆ ಬದಿಗೆ). ಕಷ್ಟವಿರುವುದು ಶೋಕ ಶಸ್ತ್ರದಲ್ಲಿ. ಕೋವಿ ತಲೆಕೆಳಗಾಗಿ ಮೂತಿ ಬೂಟಿನ ತುದಿಯ ಮೇಲೆ ಬರಬೇಕು, ಬಟ್ಟಿನ ಮೇಲೆ ಅಂಗೈಗಳು, ತಲೆ ಬಾಗಿರಬೇಕು. ಮಾಮೂಲಿ ಪರೇಡ್‌ನಲ್ಲಿ ಇದು ಬರುವುದಿಲ್ಲವಾದ್ದರಿಂದ ಬಹುಪಾಲು ಕೆಡೆಟ್‌ಗಳಿಗೆ ಹೊಸದು. ಪಿಐ ಸ್ಟಾಫ್‌ನಿಂದ (ಬೆಟಾಲಿಯನ್ನಿನ ಸೇನಾ ತರಬೇತುದಾರರಿಂದ) ಹೇಳಿಸಿ ಕನಿಷ್ಠ ಆರು ದಿನ, ದಿನಕ್ಕೆ 40 ನಿಮಿಷ ಮಾಡಿಸಿ. ಹೊಸದಾಗಿ ಪಾಲಿಶ್ ಹಾಕಿದ ಬೂಟು ತುಂತುರಿಗೆ ತೊಯ್ದರೆ ಮೂತಿ ಜಾರಿ ನೆಲಕ್ಕೆ ಹೊಡೆಯುತ್ತದೆ. ತುದಿಯನ್ನು ಒಣಬಟ್ಟೆಯಲ್ಲಿ ಒರೆಸಿ ನಿಲ್ಲಿಸಿ.

ಚಕ್ರ ಹೊತ್ತವರ ನಡಿಗೆ ಧೀರೇ ಚಲ್: ನಿಮಿಷಕ್ಕೆ 70 ಹೆಜ್ಜೆ, ಹೆಜ್ಜೆಗೆ 30 ಅಂಗುಲ. ಪೀಠಕ್ಕೆ 50 ಅಡಿ ದೂರ ಇಟ್ಟರೆ 20 ಹೆಜ್ಜೆ, ಸುಮಾರು 17 ಸೆಕೆಂಡು. ವಯಸ್ಸಾದ ತಾಯಿ ಬರುತ್ತಿದ್ದರೆ ಲೆಕ್ಕ ಬಿಡಿ, ಅವರ ಹೆಜ್ಜೆಗೆ ಕೆಡೆಟ್‌ಗಳ ಹೆಜ್ಜೆ ಹೊಂದಲಿ. ಚಕ್ರ ಇಟ್ಟವರು ರಿಬ್ಬನ್ ಸರಿಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಸಮವಸ್ತ್ರದಲ್ಲಿದ್ದರೆ ಸೆಲ್ಯೂಟ್, ಇಲ್ಲದಿದ್ದರೆ ಕೈಮುಗಿಯುವುದು ಇಲ್ಲವೇ ತಲೆಬಾಗುವುದು. ನಮ್ಮವರು ಪೀಠದ ಬಳಿ ಬಂದು ಥಟ್ಟನೆ ಚಪ್ಪಲಿ ಬಿಡುತ್ತಾರೆ, ಹಿಂದಿನ ಕೆಡೆಟ್ ಎಡವುತ್ತಾನೆ. ಬಿಡುವವರು ಕುರ್ಚಿಯ ಹತ್ತಿರವೇ ಬಿಡಲಿ. ಊದುಬತ್ತಿ, ತೆಂಗಿನಕಾಯಿ ವ್ಯವಸ್ಥೆ ಬೇಡ, ಇದು ಪೂಜೆಯಲ್ಲ.

ಬೆಳಿಗ್ಗೆ ಐದೂವರೆಗೆ ಬಂದ ಕೆಡೆಟ್‌ಗಳು ಹಸಿದ ಹೊಟ್ಟೆಯಲ್ಲಿ ನಿಂತರೆ ಒಬ್ಬರಾದರೂ ಕುಸಿಯುತ್ತಾರೆ. 7:30ಕ್ಕೆ ಎರಡು ಬಾಳೆಹಣ್ಣು, ಒಂದು ಲೋಟ ನೀರು ಕೊಡಿ. ಮಂಡಿ ಬಿಗಿಹಿಡಿದು ನಿಲ್ಲಬಾರದು, ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಿರಬೇಕು. ಯಾರಾದರೂ ಬಿದ್ದರೆ ಕಾಯ್ದಿರಿಸಿದವರು ಹಿಂದಿನಿಂದ ಬಂದು ಎತ್ತಲಿ, ಉಳಿದವರು ಅಲುಗಾಡಬಾರದು.

ಲಾಸ್ಟ್ ಪೋಸ್ಟ್, ಮೌನ, ರೌಸ್

ಬಿಗುಲ್‌ಗಾರರು ಸಿಗದಿದ್ದರೆ ರೆಕಾರ್ಡಿಂಗ್. ಇಲ್ಲಿ ಮೋಸಹೋಗುವವರೇ ಹೆಚ್ಚು. ಹುಡುಕಿದಾಗ ಮೊದಲು ಸಿಗುವುದು ಅಮೆರಿಕದ ‘ಟ್ಯಾಪ್ಸ್’, 24 ಸ್ವರಗಳ ಚಿಕ್ಕ ಧಾಟಿ. ನಮ್ಮ ಸೇನೆಯಲ್ಲಿ ಊದುವುದು ‘ಲಾಸ್ಟ್ ಪೋಸ್ಟ್’. ದಿನದ ಕೊನೆಗೆ ಕಾವಲು ತಪಾಸಣೆ ಮುಗಿಯಿತೆಂದು ಸಾರುತ್ತಿದ್ದ ಕರೆ, ಒಂದು ನಿಮಿಷಕ್ಕಿಂತ ಉದ್ದ. ಮೌನದ ನಂತರ ‘ರೌಸ್’, ಎಬ್ಬಿಸುವ ಬಿಗುಲ್ ಕರೆ. ‘ರೆವೆಲಿ’ ಎಂಬ ಹೆಸರಿನ ಫೈಲು ಬೇರೆ ಧಾಟಿ, ಬೆರೆಸಬೇಡಿ. ಗೊತ್ತಿರುವ ಮಾಜಿ ಸೈನಿಕರಿಗೆ ಒಮ್ಮೆ ಕೇಳಿಸಿ.

ಲಾಸ್ಟ್ ಪೋಸ್ಟ್, ಸರಿಯಾಗಿ 120 ಸೆಕೆಂಡು ಖಾಲಿ, ರೌಸ್ — ಮೂರನ್ನೂ ಒಂದೇ ಟ್ರ್ಯಾಕ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ. ಮೊಬೈಲಿನಿಂದ ನುಡಿಸಿದರೆ ಜಾಹೀರಾತು, ಮೆಸೇಜಿನ ಟಿಂಗ್, ಕೊನೆಗೆ ಯಾರದೋ ಫೋನು ಮೈದಾನಕ್ಕೆಲ್ಲ ಕೇಳುತ್ತದೆ. ಬೇರೆ ಬೇರೆ ಫೈಲಾದರೆ ಮೈಕಿನವನು ಗಾಬರಿಯಲ್ಲಿ 50 ಸೆಕೆಂಡಿಗೇ ರೌಸ್ ಒತ್ತುತ್ತಾನೆ. ಮೌನದಲ್ಲಿ ಎರಡು ನಿಮಿಷ ಬಹಳ ದೊಡ್ಡದು. ಆಂಪ್ಲಿಫೈಯರ್ ಬ್ಯಾಟರಿಯದಾಗಿರಲಿ, ಕರೆಂಟು ಹೋಗಿ ಜನರೇಟರ್ ಗುಡುಗುವುದು ಕರೆಂಟಿಲ್ಲದ್ದಕ್ಕಿಂತ ಕೆಟ್ಟದ್ದು. ಮೈಕಿಗೆ ಸ್ಪಂಜಿನ ಟೊಪ್ಪಿಗೆ ಹಾಕಿ.

ನಿರೂಪಕರ ಮಾತು ಕಡಿಮೆ ಇದ್ದಷ್ಟೂ ಚೆಂದ. ಮೊದಲಲ್ಲಿ ಇಷ್ಟು ಸಾಕು: ‘ಮೊಬೈಲ್ ಸ್ವಿಚ್ ಆಫ್ ಮಾಡಿ. ಹೆಸರು ಓದುವಾಗ ಚಪ್ಪಾಳೆ ಬೇಡ. ಬಿಗುಲ್ ಶುರುವಾದಾಗಿನಿಂದ ಎರಡನೇ ಬಿಗುಲ್ ಮುಗಿಯುವವರೆಗೆ ಎಲ್ಲರೂ ನಿಂತೇ ಇರೋಣ. ಘೋಷಣೆಗಳು ರಾಷ್ಟ್ರಗೀತೆಯ ನಂತರ.’ ಲಾಸ್ಟ್ ಪೋಸ್ಟ್‌ಗೆ ಮುಂಚೆ: ‘ದಯವಿಟ್ಟು ಎದ್ದು ನಿಲ್ಲಿ.’ ಆಮೇಲೆ ಬಾಯಿ ಬಿಡಬಾರದು. ‘ಈಗ ಮೌನಾಚರಣೆ’, ‘ಮೌನ ಮುಕ್ತಾಯವಾಯಿತು, ಧನ್ಯವಾದಗಳು’ ಎಂಬ ಘೋಷಣೆಗಳೇ ಮೌನ ಕೆಡಿಸುವವು. ಮುಗಿಯಿತೆಂದು ಹೇಳಲು ರೌಸ್ ಇದೆ.

ನಿಮಿಷವಾರು ಹೀಗೆ ಹಾಕಿಕೊಳ್ಳಿ: 8:30 ಗಾರ್ಡ್ ನೆಲೆಗೆ, 8:32 ಸೂಚನೆ, 8:33 ಒಬ್ಬರದೇ ಮಾತು, ಐದು ನಿಮಿಷ ಮೀರದಂತೆ, 8:38 ಹೆಸರುಗಳು, 8:41 ಪುಷ್ಪಚಕ್ರ, ಒಂದಕ್ಕೆ 50 ಸೆಕೆಂಡು, 8:46 ಶೋಕ ಶಸ್ತ್ರ, ಲಾಸ್ಟ್ ಪೋಸ್ಟ್, 8:48 ಮೌನ, 8:50 ರೌಸ್, ನಂತರ 52 ಸೆಕೆಂಡಿನ ರಾಷ್ಟ್ರಗೀತೆ. ಭಾಷಣ ಮೌನದ ಮೊದಲೇ ಮುಗಿಯಬೇಕು. ಮೌನದ ಮೇಲೆ ಯಾರೇ ಮಾತಾಡಿದರೂ ಸಪ್ಪೆ.

ಧ್ವಜದ ವಿಷಯ

ಶೋಕವೆಂದು ಧ್ವಜವನ್ನು ಅರ್ಧಕ್ಕೆ ಇಳಿಸುವ ಅಧಿಕಾರ ಕಾಲೇಜಿಗಿಲ್ಲ. ಅದು ಸರ್ಕಾರದ ಆದೇಶದ ಮೇಲೆ ಮಾತ್ರ. ಪೀಠಕ್ಕೆ, ಮೇಜಿಗೆ, ಭಾವಚಿತ್ರಕ್ಕೆ ಧ್ವಜ ಹೊದಿಸುವುದೂ 2002ರ ಧ್ವಜ ಸಂಹಿತೆಗೆ ವಿರುದ್ಧ.

ಮಳೆ ಬಂದರೆ, ಮುಗಿದ ಮೇಲೆ

ಜಿಟಿಜಿಟಿ ಹನಿಗೆ ಜಾಗ ಬದಲಿಸಬೇಡಿ, ಮನೆಯವರಿಗೂ ಹಿರಿಯರಿಗೂ ಕೊಡೆ ಸಾಕು. ಜೋರು ಮಳೆಯಾದರೆ ಸಭಾಂಗಣಕ್ಕಿಂತ ಉದ್ದನೆಯ ಕಾರಿಡಾರ್ ಮೇಲು. ಒಂದು ದಿನದ ರಿಹರ್ಸಲ್ ಅಲ್ಲೇ ಮಾಡಿರಿ. ಸೂರು ತಗ್ಗಾಗಿದ್ದರೆ ಶಸ್ತ್ರ ಎತ್ತುವಾಗ ಫ್ಯಾನಿಗೆ ತಗಲುತ್ತದೆ.

ಮುಗಿದೊಡನೆ ಕುರ್ಚಿ ಎತ್ತುವ ಸದ್ದು ಬೇಡ. ಮೊದಲು ಮನೆಯವರನ್ನು ತಿಂಡಿಗೆ ಕರೆದೊಯ್ಯಿರಿ, ಒಬ್ಬ ಕೆಡೆಟ್ ಅವರ ಜೊತೆಗೇ ಇರಲಿ, ವಾಹನ ಹತ್ತಿಸುವವರೆಗೆ. ಮೂಲೆಯ ಕಾವಲು ಮಧ್ಯಾಹ್ನದವರೆಗೆ, 15 ನಿಮಿಷಕ್ಕೊಮ್ಮೆ ಬದಲಿ. ರೈಫಲ್‌ಗಳನ್ನು ಎಣಿಸಿ, ಹನಿ ಬಿದ್ದಿದ್ದರೆ ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಕೈ ಆಡಿಸಿಯೇ ಕೋತ್‌ಗೆ ಒಪ್ಪಿಸಿ. ಸಂಜೆ ಹೂವು, ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಿ, ರಿಬ್ಬನ್ ಬೇಕೆಂದ ಮನೆಯವರಿಗೆ ಕೊಡಿ. ತಂತಿಯ ಉಂಗುರಗಳನ್ನು ಎಸೆಯಬೇಡಿ. ತುಕ್ಕು ಹಿಡಿಯದಂತೆ ಬಣ್ಣ ಬಳಿದು ಮೊಳೆಗೆ ನೇತುಹಾಕಿ, ಡಿಸೆಂಬರ್ 16ಕ್ಕೆ ಅವೇ ಬರುತ್ತವೆ.